ಗುತ್ತಿಗೆಗೆ ಕೊಟ್ಟರೆ ಹೊಣೆ ಕಳೆಯದು

ದಕ್ಷಿಣ ಗೋವಾದ ಕಾಣಕೋಣದಲ್ಲಿ 2014ರ ಜನವರಿ 4ರಂದು ‘ರೂಬಿ ರೆಸಿಡೆನ್ಸಿ’ ಸಮುಚ್ಚಯದ ಕಟ್ಟಡವೊಂದು ನಿರ್ಮಾಣ ಹಂತದಲ್ಲೇ ಕುಸಿದು 31 ಮಂದಿ ಸತ್ತರು. ಸತ್ತವರಲ್ಲಿ ಬಹುಪಾಲು ವಲಸೆ ಕಾರ್ಮಿಕರು. ಆಗಿನ ಬಿಜಾಪುರ ಜಿಲ್ಲೆಯಿಂದ ಗುಳೆ ಹೋದವರೂ ಅವರಲ್ಲಿದ್ದರು. ಆ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಗೋವಾ, ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವುದು ತಲೆಮಾರುಗಳ ರೂಢಿ. ಹೀಗಾಗಿ ಕಟ್ಟಡ ಕುಸಿತದ ಕಾನೂನು ದೊಡ್ಡ ಊರುಗಳಿಗೆ ಮಾತ್ರ ಸೇರಿದ್ದಲ್ಲ. ಕಟ್ಟಡ ಎಲ್ಲೇ ಬೀಳಲಿ, ಅವಲಂಬಿತರು ಉಳಿಯುವುದು ಈ ತಾಲ್ಲೂಕುಗಳಲ್ಲಿ.

ಒಂದು ಕುಸಿತದಿಂದ ಡೆವಲಪರ್ ಮೇಲೆ ನಾಲ್ಕು ಬಗೆಯ ಹೊಣೆ ಬೀಳುತ್ತದೆ. ಸಾವಿಗೆ ಕಾರಣನಾದ ಅಪರಾಧದ ಹೊಣೆ, ಅನುಮತಿ ಮತ್ತು ಸುರಕ್ಷತೆಯ ನಿಯಮ ಮುರಿದ ಹೊಣೆ, ಮನೆ ಕೊಂಡವರಿಗೆ ಉತ್ತರಿಸುವ ಹೊಣೆ, ಕಾರ್ಮಿಕರ ಕುಟುಂಬಕ್ಕೆ ಪರಿಹಾರ ಕೊಡುವ ಹೊಣೆ. ಮೊದಲನೆಯದು ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ, ಕೊನೆಯದು ಬರುವುದಿಲ್ಲ. ಆದರೆ ತಪ್ಪನ್ನು ಸಾಬೀತು ಮಾಡದೆಯೂ ಪಡೆಯಬಹುದಾದ ಹಕ್ಕು ಇರುವುದು ಕೊನೆಯದರಲ್ಲೇ. ಡೆವಲಪರ್ ಕೆಲಸವನ್ನು ಗುತ್ತಿಗೆಗೆ ಕೊಟ್ಟರೂ ಈ ಹೊಣೆ ಅವನಿಂದ ಜಾರುವುದಿಲ್ಲ.

ನಿರ್ಮಾಣ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಹೋಗುತ್ತದೆ. ಜಮೀನಿನ ಮಾಲೀಕ ಡೆವಲಪರ್ ಜೊತೆ ಜಂಟಿ ಒಪ್ಪಂದ ಮಾಡಿಕೊಳ್ಳುತ್ತಾನೆ. ಡೆವಲಪರ್ ಮುಖ್ಯ ಗುತ್ತಿಗೆದಾರನಿಗೂ ಅವನು ಸೆಂಟ್ರಿಂಗ್, ಕಂಬಿ, ಗೌಂಡಿ ಕೆಲಸವನ್ನು ಉಪಗುತ್ತಿಗೆದಾರರಿಗೂ ಹಂಚುತ್ತಾನೆ. ಆಳುಗಳನ್ನು ಊರಿಂದ ಕರೆತರುವವನು ಮುಕಾದಮ. ಮುಂಗಡ ಕೊಡುವವನೂ ವಾರದ ಪಗಾರ ಹಂಚುವವನೂ ಅವನೇ. ಅಪಘಾತವಾದಾಗ ಪ್ರತಿಯೊಬ್ಬನೂ ತನಗಿಂತ ಕೆಳಗಿನವನತ್ತ ಕೈ ತೋರಿಸುತ್ತಾನೆ. ‘ಸಾವುನೋವಿಗೆ ಗುತ್ತಿಗೆದಾರನೇ ಜವಾಬ್ದಾರ’ ಎಂಬ ಷರತ್ತು ಒಪ್ಪಂದದಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಷರತ್ತು ಸಹಿ ಹಾಕಿದ ಇಬ್ಬರನ್ನು ಮಾತ್ರ ಕಟ್ಟುತ್ತದೆ. ಅದಕ್ಕೆ ಸಹಿ ಹಾಕದ ಕಾರ್ಮಿಕನ ಹಕ್ಕನ್ನಾಗಲಿ, ಮನೆ ಕೊಂಡವನ ಹಕ್ಕನ್ನಾಗಲಿ, ಸರ್ಕಾರ ಹೂಡುವ ಕ್ರಿಮಿನಲ್ ಮೊಕದ್ದಮೆಯನ್ನಾಗಲಿ ತಡೆಯುವುದಿಲ್ಲ.

ಕ್ರಿಮಿನಲ್ ಹೊಣೆಯಲ್ಲಿ ಎರಡು ಮೆಟ್ಟಿಲುಗಳಿವೆ. ಕೆಳಗಿನದು ನಿರ್ಲಕ್ಷ್ಯದಿಂದಾದ ಸಾವು. ಭಾರತೀಯ ದಂಡ ಸಂಹಿತೆಯ 304ಎ ಕಲಂ ಇದಕ್ಕೆ ಗರಿಷ್ಠ 2 ವರ್ಷ ಸಜೆ ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು 5 ವರ್ಷಕ್ಕೆ ಏರಿಸಿದೆ. ಮೇಲಿನದು ಕೊಲೆಯಲ್ಲದ ನರಹತ್ಯೆ. ಹಿಂದೆ 304ನೇ ಕಲಮಿನಲ್ಲಿದ್ದ ಇದು ಈಗ 105ನೇ ಕಲಂ. ತನ್ನ ಕೃತ್ಯದಿಂದ ಸಾವು ಸಂಭವಿಸಬಹುದೆಂಬ ಅರಿವು ಆರೋಪಿಗೆ ಇತ್ತೆಂದು ರುಜುವಾತಾದರೆ 10 ವರ್ಷದವರೆಗೆ ಸಜೆ ಆಗಬಹುದು. ಕಾಣಕೋಣದಲ್ಲಿ ಪೊಲೀಸರು ಈ ಗಂಭೀರ ಆರೋಪವನ್ನೇ ಹೊರಿಸಿದರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ 19 ಜನರನ್ನು ಬಲಿ ಪಡೆದ ಕುಸಿತದಲ್ಲೂ ಹಾಗೆಯೇ ಆಯಿತು. ಇವೆರಡೂ ಹಳೆಯ ಸಂಹಿತೆಯ ಕಾಲದವು. ಕೃತ್ಯ ನಡೆದಾಗ ಇದ್ದ ಶಿಕ್ಷೆಗಿಂತ ಹೆಚ್ಚಿನದನ್ನು ವಿಧಿಸಬಾರದೆಂದು ಸಂವಿಧಾನದ 20ನೇ ವಿಧಿ ಹೇಳುವುದರಿಂದ ಹೊಸ ಕಲಮಿನ ಬಿಗಿ ಅವುಗಳಿಗೆ ಅನ್ವಯಿಸದು.

ನಿರ್ಲಕ್ಷ್ಯ ಮತ್ತು ಅರಿವಿನ ನಡುವಿನ ಗೆರೆಯೇ ಇಂಥ ಮೊಕದ್ದಮೆಗಳ ನಿಜವಾದ ಕಣ. ಅಲಿಸ್ಟರ್ ಪರೇರಾ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಅದು ವಾಹನ ಅಪಘಾತದ ಪ್ರಕರಣವಾದರೂ ತತ್ವ ಕಟ್ಟಡಕ್ಕೂ ಸಲ್ಲುತ್ತದೆ. ಅನುಮತಿ ಮೀರಿ ಅಂತಸ್ತು ಏರಿಸುವುದು, ಕಾಲಂ ಬಿರುಕು ಬಿಟ್ಟಿದೆಯೆಂದು ಎಂಜಿನಿಯರ್ ಎಚ್ಚರಿಸಿದ ಮೇಲೂ ಸ್ಲ್ಯಾಬ್ ಹಾಕಿಸುವುದು, ವಿನ್ಯಾಸದಲ್ಲಿರುವ ಕಂಬಿಯನ್ನು ಕಡಿಮೆ ಮಾಡುವುದು ಇವೆಲ್ಲ ಅರಿವಿಗೆ ಸಾಕ್ಷ್ಯ. ಎಚ್ಚರಿಕೆ ಬರಹದಲ್ಲಿದ್ದರೆ ಪ್ರಕರಣ ಮೇಲಿನ ಮೆಟ್ಟಿಲೇರುತ್ತದೆ. ಬಾಯಿಮಾತಿನಲ್ಲೇ ಉಳಿದಿದ್ದರೆ ಕೆಳಗಿಳಿಯುವ ಸಾಧ್ಯತೆ ಹೆಚ್ಚು. ಭೋಪಾಲ್ ಅನಿಲ ದುರಂತದ ಆರೋಪಿಗಳ ಮೇಲಿನ ಆರೋಪವನ್ನು 1996ರಲ್ಲಿ ಸುಪ್ರೀಂ ಕೋರ್ಟ್ 304ಎಗೆ ಇಳಿಸಿದ್ದು, ಸಾವಿನ ಸಂಖ್ಯೆಯೊಂದೇ ಅರಿವನ್ನು ಸಾಬೀತು ಮಾಡುವುದಿಲ್ಲ ಎಂಬುದಕ್ಕೆ ಕಟುವಾದ ಉದಾಹರಣೆ.

ಡೆವಲಪರ್ ಒಬ್ಬ ವ್ಯಕ್ತಿಯಾಗಿರದೆ ಕಂಪನಿಯಾಗಿದ್ದರೆ ತೊಡಕು ಇನ್ನೂ ಹೆಚ್ಚು. ನಿರ್ದೇಶಕನೆಂಬ ಒಂದೇ ಕಾರಣಕ್ಕೆ ಯಾರೂ ಅಪರಾಧಿಯಾಗುವುದಿಲ್ಲ; ಅವನ ಸಕ್ರಿಯ ಪಾತ್ರವನ್ನು ತೋರಿಸಬೇಕು ಅಥವಾ ಕಾಯ್ದೆಯೇ ಅವನನ್ನು ಹೊಣೆಯಾಗಿಸಿರಬೇಕು ಎಂದು ಸುನಿಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಸೈಟಿನ ನಿರ್ಧಾರಗಳು ಯಾರ ಸಹಿಯಿಂದ ಬಂದವು, ಸಿಮೆಂಟ್ ಮತ್ತು ಕಂಬಿಯ ಬಿಲ್ ಯಾರು ಪಾಸು ಮಾಡಿದರು, ಕೆಲಸ ಬೇಗ ಮುಗಿಸಲು ಯಾರು ಒತ್ತಡ ಹಾಕಿದರು ಎಂಬ ಕಡತಗಳು ಮುಖ್ಯವಾಗುತ್ತವೆ. ರಕ್ಷಣಾ ಕಾರ್ಯ ಮುಗಿಯುತ್ತಿದ್ದಂತೆ ಅವಶೇಷಗಳು ಲಾರಿ ಏರುತ್ತವೆ. ಅದಕ್ಕೂ ಮೊದಲೇ ಕಾಂಕ್ರೀಟ್ ಮಾದರಿ, ಕಂಬಿಯ ತುಂಡು, ಬುನಾದಿಯ ಮಣ್ಣು ಪ್ರಯೋಗಾಲಯಕ್ಕೆ ಹೋಗದಿದ್ದರೆ ಮೊಕದ್ದಮೆ ವರ್ಷಗಟ್ಟಲೆ ತಜ್ಞರ ವಾದದಲ್ಲೇ ಸಿಲುಕುತ್ತದೆ.

ಸಿವಿಲ್ ಪರಿಹಾರದಲ್ಲಿ ಸಾಕ್ಷ್ಯದ ಭಾರ ಇಷ್ಟಿಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಬಿದ್ದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ತೀರ್ಪಿತ್ತಿತು. ಗೋಪುರ ಪೂರ್ತಿಯಾಗಿ ನಗರಪಾಲಿಕೆಯ ವಶದಲ್ಲಿತ್ತು. ಸರಿಯಾಗಿ ನೋಡಿಕೊಂಡ ಕಟ್ಟಡ ತಾನಾಗಿ ಬೀಳುವುದಿಲ್ಲ. ಆದ್ದರಿಂದ ಬಿದ್ದದ್ದೇ ನಿರ್ಲಕ್ಷ್ಯವನ್ನು ಹೇಳುತ್ತದೆ ಎಂದಿತು. ದೋಷ ಒಳಗೆ ಅಡಗಿತ್ತು ಎಂಬ ಸಮಜಾಯಿಷಿಯನ್ನು ಒಪ್ಪಲಿಲ್ಲ. ಇನ್ನೂ ಕಟ್ಟುತ್ತಿರುವ ಸೈಟು ಡೆವಲಪರ್ ವಶದಲ್ಲೇ ಇರುವುದರಿಂದ ಈ ತರ್ಕ ಅವನಿಗೆ ಮತ್ತಷ್ಟು ಬಲವಾಗಿ ತಾಗುತ್ತದೆ.

ಅನುಮತಿ ಕೊಟ್ಟ ಅಥವಾ ಉಲ್ಲಂಘನೆ ಕಂಡೂ ಸುಮ್ಮನಿದ್ದ ಅಧಿಕಾರಿಗಳ ಹೊಣೆ ಬೇರೆ ಬಗೆಯದು. ಉಪಹಾರ್ ಚಿತ್ರಮಂದಿರದ ಬೆಂಕಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಪರಿಹಾರದ ಭಾರದಿಂದ ದೆಹಲಿ ಪಾಲಿಕೆಯನ್ನು ಬಿಡಿಸಿ, ಚಿತ್ರಮಂದಿರದ ಮಾಲೀಕರು ಮತ್ತು ವಿದ್ಯುತ್ ಮಂಡಳಿಯ ಮೇಲಷ್ಟೇ ಉಳಿಸಿತು. ಅಂದರೆ ಸ್ಥಳೀಯ ಸಂಸ್ಥೆಯ ಲೋಪಕ್ಕೆ ಹಣದ ಪರಿಹಾರ ಪಡೆಯುವುದು ಸುಲಭವಲ್ಲ. ಹೀಗಾಗಿ ಮುನ್ನೆಚ್ಚರಿಕೆಯ ನಿಯಮಗಳ ಬೆಲೆ ಹೆಚ್ಚು. ಸ್ವಾಧೀನಾನುಭವ ಪತ್ರವಿಲ್ಲದೆ ಕಟ್ಟಡದಲ್ಲಿ ಯಾರೂ ವಾಸ ಆರಂಭಿಸಬಾರದು, ಬ್ಯಾಂಕುಗಳು ಆ ಪತ್ರ ನೋಡಿಯೇ ಸಾಲ ಕೊಡಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕವೂ ಅದರ ನಂತರವೇ ಎಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ತಪ್ಪೆಸಗಿದ ಅಧಿಕಾರಿಗಳ ಮೇಲೆ ಇಲಾಖಾ ಕ್ರಮಕ್ಕೂ ಸೂಚಿಸಿತು. ಧಾರವಾಡದ ಕಟ್ಟಡದಲ್ಲಿ ಮೇಲಿನ ಅಂತಸ್ತಿನ ಕೆಲಸ ಮುಗಿಯುವ ಮೊದಲೇ ಕೆಳಗೆ ಅಂಗಡಿಗಳು ತೆರೆದಿದ್ದವು ಎಂಬುದನ್ನು ನೆನೆದರೆ ಈ ನಿರ್ದೇಶನದ ಅಗತ್ಯ ತಿಳಿಯುತ್ತದೆ.

ಮನೆ ಕೊಂಡವರ ಹಕ್ಕು 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯ ನಂತರ ಸ್ಪಷ್ಟವಾಗಿದೆ. ನಿರ್ಮಾಣ ಹಂತದಲ್ಲೇ ಕಟ್ಟಡ ಕುಸಿದು ಡೆವಲಪರ್ ಒಪ್ಪಂದದಂತೆ ಮನೆ ಕೊಡಲಾಗದಿದ್ದರೆ 18ನೇ ಕಲಂ ಪ್ರಕಾರ ಹಣವನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ರಚನೆಯ ದೋಷ ಕಂಡರೆ 14ನೇ ಕಲಂ ಪ್ರಕಾರ 30 ದಿನಗಳಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ರೇರಾ ಅದನ್ನು ಮುಚ್ಚುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿವೇಶನ 500 ಚದರ ಮೀಟರ್ ಮೀರದ ಅಥವಾ 8 ಫ್ಲ್ಯಾಟ್ ಮೀರದ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. ತಾಲ್ಲೂಕು ಊರುಗಳ ಹೆಚ್ಚಿನ ಕಟ್ಟಡಗಳು ಈ ಅಳತೆಯೊಳಗೇ ಉಳಿಯುವುದರಿಂದ ಅಲ್ಲಿ ಪುರಸಭೆಯ ಪರವಾನಗಿಯೇ ಮೊದಲ ಮತ್ತು ಬಹುತೇಕ ಕೊನೆಯ ತಪಾಸಣೆ.

ಕಾರ್ಮಿಕನ ಕುಟುಂಬಕ್ಕೆ ಇರುವ ದಾರಿ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದ ಬಂದದ್ದು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂದಿದ್ದರೂ ತಿರುಳು ಉಳಿದಿದೆ. ಕೆಲಸದ ವೇಳೆ ಸಾವಾದರೆ ಮಾಲೀಕನ ತಪ್ಪನ್ನು ತೋರಿಸಬೇಕಿಲ್ಲ. ಕಾರ್ಮಿಕನೇ ಎಚ್ಚರ ತಪ್ಪಿದ್ದ ಎಂಬ ವಾದವೂ ಸಾವಿನ ಪ್ರಕರಣದಲ್ಲಿ ನಡೆಯುವುದಿಲ್ಲ. ಹಳೆಯ ಕಾಯ್ದೆಯ 12ನೇ ಕಲಂ ಇನ್ನೂ ಮುಂದೆ ಹೋಗಿತ್ತು: ತನ್ನ ವ್ಯಾಪಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಗುತ್ತಿಗೆದಾರನ ಆಳಿಗೂ ನೇರವಾಗಿ ಪರಿಹಾರ ಕೊಡಬೇಕು, ಆಮೇಲೆ ಬೇಕಿದ್ದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಕಟ್ಟಡ ಕಟ್ಟುವುದೇ ಡೆವಲಪರ್ ವ್ಯಾಪಾರವಾದ್ದರಿಂದ ಅವನಿಗೆ ಇಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 45ನೇ ಕಲಂ ಕೂಡ ಇದನ್ನೇ ಹೇಳಿತ್ತು.

ಮೊತ್ತದ ಲೆಕ್ಕ ಸರಳ. ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷದವನಿಗೆ ಗುಣಕ 207.98. ಕಾಣಕೋಣ ದುರಂತದ ಕಾಲದಲ್ಲಿ ಲೆಕ್ಕಕ್ಕೆ ಹಿಡಿಯುತ್ತಿದ್ದ ಗರಿಷ್ಠ ವೇತನ 8,000 ರೂಪಾಯಿ. ಆ ವಯಸ್ಸಿನ ಕಾರ್ಮಿಕನ ಕುಟುಂಬಕ್ಕೆ ಸಿಗಬಹುದಾಗಿದ್ದ ಹೆಚ್ಚಿನ ಮೊತ್ತ 8,31,920 ರೂಪಾಯಿ. 2020ರ ಜನವರಿಯಲ್ಲಿ ಮಿತಿ 15,000ಕ್ಕೆ ಏರಿದ ಮೇಲೆ ಅದು 15,59,850 ರೂಪಾಯಿ ಆಯಿತು. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಅಸಲಿನ ಅರ್ಧದವರೆಗೆ ದಂಡ. ಮುಖ್ಯಮಂತ್ರಿ ಘೋಷಿಸುವ ಪರಿಹಾರ ಸರ್ಕಾರದ ಅನುಕಂಪ. ಅದು ಬಂದರೂ ಡೆವಲಪರ್ ಕೊಡಬೇಕಾದದ್ದು ಹಾಗೆಯೇ ಉಳಿಯುತ್ತದೆ.

ದೂರದ ಕುಟುಂಬಗಳಿಗೆ ಇನ್ನೂ ಮೂರು ಸಂಗತಿಗಳು ಮುಖ್ಯ. ಗೋವಾದಲ್ಲಿ ಸತ್ತವನ ಅವಲಂಬಿತರು ಗೋವಾಕ್ಕೆ ಅಲೆಯಬೇಕಿಲ್ಲ. ತಾವು ವಾಸವಿರುವ ಪ್ರದೇಶದಲ್ಲೇ ಅರ್ಜಿ ಹಾಕಲು 1923ರ ಕಾಯ್ದೆಯ 21ನೇ ಕಲಂ ಅವಕಾಶ ಕೊಟ್ಟಿತ್ತು. ಸಾವಿನ ಪರಿಹಾರವನ್ನು ಅರ್ಜಿ ತೀರ್ಮಾನಿಸುವ ಅಧಿಕಾರಿಯ ಬಳಿ ಠೇವಣಿ ಇಡಬೇಕೇ ಹೊರತು ಸೈಟಿನಲ್ಲಿ ಒಂದಿಷ್ಟು ನಗದು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಬಾಕಿ ತೀರುವುದಿಲ್ಲ. ಹಕ್ಕು ಬಿಟ್ಟುಕೊಟ್ಟ ಒಪ್ಪಂದಕ್ಕೆ ಕಾನೂನಿನ ಮಾನ್ಯತೆಯೇ ಇಲ್ಲ. ಮೂರನೆಯದಾಗಿ, ಈ ಕಾಯ್ದೆಯ ದಾರಿ ಹಿಡಿದವರು ಅದೇ ಸಾವಿಗೆ ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆ ಹೂಡುವಂತಿಲ್ಲ. ಅರ್ಜಿಗೆ ಸಾಮಾನ್ಯ ಗಡುವು 2 ವರ್ಷ.

ಇಷ್ಟು ಬಿಗಿಯಾದ ಕಾನೂನು ಸೋಲುವುದು ಒಂದೇ ಪ್ರಶ್ನೆಯ ಮುಂದೆ: ಸತ್ತವನು ಆ ಸೈಟಿನಲ್ಲಿ ಕೆಲಸಕ್ಕಿದ್ದ ಎಂಬುದಕ್ಕೆ ದಾಖಲೆ ಏನು? ಹಾಜರಿ ಪುಸ್ತಕ ಮುಕಾದಮನ ಕಿಸೆಯಲ್ಲಿರುತ್ತದೆ, ಪಗಾರ ನಗದಾಗಿ ಸಿಗುತ್ತದೆ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಗುತ್ತಿಗೆದಾರನಿಗೆ ಪರವಾನಗಿ, ಕಾರ್ಮಿಕನಿಗೆ ಪಾಸ್ ಪುಸ್ತಕ ವಿಧಿಸಿತ್ತಾದರೂ ಗುಳೆಯ ಲೋಕದಲ್ಲಿ ಅದು ಕಂಡದ್ದು ಅಪರೂಪ. ಈಗಿನ ವೃತ್ತಿ ಸುರಕ್ಷತಾ ಸಂಹಿತೆ ಸ್ವಂತವಾಗಿ ಹೊರಟವರನ್ನೂ ವಲಸೆ ಕಾರ್ಮಿಕರೆಂದು ಗುರುತಿಸುತ್ತದೆ, ನೇಮಕಾತಿ ಪತ್ರವನ್ನು ಕಡ್ಡಾಯ ಮಾಡುತ್ತದೆ. ಸುರಕ್ಷತಾ ಕರ್ತವ್ಯ ಮುರಿದು ಸಾವಾದರೆ 2 ವರ್ಷದವರೆಗೆ ಸಜೆ ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ ವಿಧಿಸಿ, ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ವಾರಸುದಾರರಿಗೆ ಕೊಡಿಸುವ ಅವಕಾಶವೂ ಅದರಲ್ಲಿದೆ. ಆದರೆ ವಲಸೆಯ ವಿಶೇಷ ನಿಯಮಗಳು ಅನ್ವಯಿಸುವ ಮಿತಿಯನ್ನು 5ರಿಂದ 10 ಕಾರ್ಮಿಕರಿಗೆ ಏರಿಸಿದ್ದು ಹಿನ್ನಡೆ. ಸಣ್ಣ ಸಣ್ಣ ಗುಂಪುಗಳಲ್ಲಿ ಕೆಲಸ ಹಂಚುವ ಈ ವೃತ್ತಿಯಲ್ಲಿ ಆ ಮಿತಿಯ ಕೆಳಗೆ ನುಸುಳುವುದು ಕಷ್ಟವಲ್ಲ.

ತಾಲ್ಲೂಕಿನ ಒಳಗೆ ನಡೆಯುವ ನಿರ್ಮಾಣಕ್ಕೂ ಇದೇ ತತ್ವ ಅನ್ವಯಿಸುತ್ತದೆ, ಒಂದು ವ್ಯತ್ಯಾಸದೊಂದಿಗೆ. ವಾಸಕ್ಕೆಂದು ಸ್ವಂತ ಮನೆ ಕಟ್ಟಿಸುವವನಿಗೆ ಕಟ್ಟಡ ವ್ಯಾಪಾರವಲ್ಲ. ಅಲ್ಲಿ ಪರಿಹಾರದ ಹೊಣೆ ಸಾಮಾನ್ಯವಾಗಿ ಮೇಸ್ತ್ರಿಯ ಮೇಲೆ ಬೀಳುತ್ತದೆ, ಅವನ ಬಳಿ ವಿಮೆ ಇರುವುದು ವಿರಳ. ಮಾರಾಟಕ್ಕೆ ಮಳಿಗೆ ಅಥವಾ ಮನೆಗಳ ಸಾಲು ಕಟ್ಟಿಸುವವನು ಮಾತ್ರ ಡೆವಲಪರ್ ಹೊಣೆಗೆ ಪೂರ್ತಿ ಒಳಪಡುತ್ತಾನೆ. ಡೋಣಿ ನದಿ ಕೊಳ್ಳದ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆಂಬುದು ಇಲ್ಲಿನ ರೈತರಿಗೂ ಗೌಂಡಿಗೂ ಗೊತ್ತು. ಮಣ್ಣು ಪರೀಕ್ಷಿಸದೆ, ಬುನಾದಿಯನ್ನು ಗಟ್ಟಿ ನೆಲಕ್ಕೆ ಇಳಿಸದೆ ಮೂರು ಅಂತಸ್ತು ಎಬ್ಬಿಸಿದವನು ‘ಹೀಗಾಗುತ್ತದೆಂದು ತಿಳಿದಿರಲಿಲ್ಲ’ ಎಂದರೆ ನ್ಯಾಯಾಲಯ ನಂಬುವುದು ಕಷ್ಟ.

ಆದ್ದರಿಂದ ಹೊಸ ಕಾಯ್ದೆಗಿಂತ ಇರುವ ಕಾಯ್ದೆಗೆ ದಾಖಲೆಯ ಬಲ ಬೇಕು. ಗುಳೆ ಹೊರಡುವ ಮುನ್ನ ಗ್ರಾಮ ಪಂಚಾಯಿತಿಯಲ್ಲಿ ಮುಕಾದಮನ ಹೆಸರು, ಸೈಟಿನ ವಿಳಾಸ, ಡೆವಲಪರ್ ಹೆಸರು ಬರೆಸುವ ವ್ಯವಸ್ಥೆ ಇರಬೇಕು. ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ ರಾಜ್ಯ ದಾಟಿದರೂ ಚಾಲ್ತಿಯಲ್ಲಿರಬೇಕು. ನಾಲ್ಕೂ ತಾಲ್ಲೂಕುಗಳ ಕಾನೂನು ಸೇವಾ ಸಮಿತಿಗಳು ಹೊರರಾಜ್ಯದ ಅಪಘಾತದ ಸುದ್ದಿ ಬಂದೊಡನೆ ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿ ತರಿಸಿ, ಗಡುವಿನೊಳಗೆ ಅರ್ಜಿ ಹಾಕಿಸಬೇಕು. ಕಾರ್ಮಿಕರಿಗೂ ದುರಂತದ ಸಂತ್ರಸ್ತರಿಗೂ ಉಚಿತ ನೆರವು ಕೊಡುವುದು 1987ರ ಕಾನೂನು ಸೇವಾ ಕಾಯ್ದೆಯಡಿ ಅವುಗಳ ಕರ್ತವ್ಯ. ಕ್ರಿಮಿನಲ್ ಮೊಕದ್ದಮೆ ಎಷ್ಟೇ ವರ್ಷ ಎಳೆಯಲಿ, ಅದರ ಫಲಿತಾಂಶಕ್ಕೆ ಈ ಪರಿಹಾರ ಕಾಯಬೇಕಿಲ್ಲ.