100 ಮೆಗಾ ಸ್ಯಾಂಪಲ್ ಎಂದರೆ 100 ಮೆಗಾಹರ್ಟ್ಜ್ ಆಸಿಲ್ಲೋಸ್ಕೋಪ್ ಅಲ್ಲ!
ಅಗ್ಗದ ಆಸಿಲ್ಲೋಸ್ಕೋಪ್‌ನ ಜಾಹೀರಾತು ಫಾರ್ವರ್ಡ್ ಮಾಡುವ ಮುನ್ನ ಇದನ್ನು ಗಮನಿಸಿ. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಚಿಪ್ ಸೆಕೆಂಡಿಗೆ 10 ಕೋಟಿ ಸ್ಯಾಂಪಲ್ ತೆಗೆದರೂ ನಾವು ನಂಬಬಹುದಾದದ್ದು 50 ಮೆಗಾಹರ್ಟ್ಜ್‌ಗಿಂತ ಕೆಳಗಿನ ಸಿಗ್ನಲ್ಲನ್ನು ಮಾತ್ರ. 90 ಮೆಗಾಹರ್ಟ್ಜ್ ಕೊಟ್ಟರೆ ಪರದೆಯಲ್ಲಿ 10 ಮೆಗಾಹರ್ಟ್ಜ್ ಅಲೆ ಮೂಡುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ, ಹಾಗೆ! ಈ ಸುಳ್ಳು ಅಲೆ ಎಷ್ಟು ಅಚ್ಚುಕಟ್ಟಾಗಿರುತ್ತದೆಂದರೆ ಅನುಮಾನವೇ ಬರುವುದಿಲ್ಲ. ಅದಕ್ಕೇ ಬೋರ್ಡ್‌ನಲ್ಲಿ ಎಡಿಸಿಗೆ ಮೊದಲು ಫಿಲ್ಟರ್ ಬೇಕು. ಹಣ ಉಳಿಸಲು ಅದನ್ನು ಬಿಡುವುದು ನಮ್ಮ ಪ್ರಕಾರ ಮೋಸಕ್ಕೆ ಸಮ.

ಕ್ಲಾಕ್ ಇನ್ನೂ ಸೂಕ್ಷ್ಮ. 8 ಬಿಟ್ ಎಡಿಸಿ 256 ಮಟ್ಟಗಳನ್ನು ಗುರುತಿಸುತ್ತದೆ. ಆದರೆ 40 ಮೆಗಾಹರ್ಟ್ಜ್ ಸಿಗ್ನಲ್ ಅಳೆಯುವಾಗ ಕ್ಲಾಕ್ ಸುಮಾರು 12 ಪಿಕೋಸೆಕೆಂಡ್ ಅತ್ತಿತ್ತ ಆದರೂ ಕೊನೆಯ ಬಿಟ್ ಕೆಡುತ್ತದೆ. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲೇ ಪಿಕೋಸೆಕೆಂಡ್. ಹಾಗಾಗಿ ಕೊಳ್ಳುವಾಗ ಸ್ಯಾಂಪಲ್ ಸಂಖ್ಯೆಗಿಂತ ಮೊದಲು ಬ್ಯಾಂಡ್‌ವಿಡ್ತ್ ಎಷ್ಟೆಂದು ಕೇಳಿ.