ಹುಳಿ ಮಳೆಯೂ ಭೂಮಿಯ ಸುಣ್ಣವೂ

ಮಳೆಯು ಸಸ್ಯವರ್ಗಕ್ಕೆ ಜೀವಾಧಾರವೆಂಬುದನ್ನು ಬೇಸಾಯಗಾರರಿಗೆ ಹೇಳಿಕೊಡಬೇಕಾದುದಿಲ್ಲ. ಆದರೆ ಆಕಾಶದಿಂದ ಬೀಳುವ ನೀರೆಲ್ಲವೂ ಒಂದೇ ಗುಣವುಳ್ಳದ್ದಲ್ಲ. ಗಾಳಿಯಲ್ಲಿರುವುದನ್ನೆಲ್ಲ ಮಳೆಯು ತೊಳೆದು ಭೂಮಿಗಿಳಿಸುವುದರಿಂದ, ಗಾಳಿಯು ಕೆಟ್ಟರೆ ಮಳೆಯೂ ಕೆಡುವುದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞರು 1852 ರಲ್ಲಿಯೇ ಈ ಸಂಗತಿಯನ್ನು ಪ್ರಕಟಿಸಿದರು. ದೂರದ ಹೊಲಗಳ ಮಳೆಗೂ, ಕಲ್ಲಿದ್ದಲ ಹೊಗೆ ಕವಿದ ಊರಿನ ಮಳೆಗೂ ವ್ಯತ್ಯಾಸವುಂಟೆಂದೂ, ಊರಿನ ಮಳೆಯಲ್ಲಿ ಗಂಧಕಾಮ್ಲವು ಸೇರಿರುವುದೆಂದೂ ಅವರು ಪರೀಕ್ಷೆಯಿಂದ ಕಂಡುಕೊಂಡರು. ಆಮ್ಲದ ಮಳೆಯೆಂಬ ಹೆಸರು ಅವರ 1872 ರ ಗ್ರಂಥದಲ್ಲಿ ಬಂದಿರುವುದು. ರೈತರ ಮಾತಿನಲ್ಲಿ ಇದನ್ನು ಹುಳಿ ಮಳೆಯೆನ್ನಬಹುದು.

ಕಲ್ಲಿದ್ದಲಿನಲ್ಲಿ ಗಂಧಕವಿರುವುದು. ಅದು ಉರಿದಾಗ ಏಳುವ ಗಂಧಕದ ಹೊಗೆಯೂ, ಬಹು ತೀವ್ರವಾದ ಶಾಖದಲ್ಲಿ ಗಾಳಿಯ ಸಾರಜನಕದಿಂದ ಹುಟ್ಟುವ ಅನಿಲಗಳೂ ಮೋಡದ ನೀರಿನೊಡನೆ ಕೂಡಿ ಗಂಧಕಾಮ್ಲವೂ ನೈಟ್ರಿಕ್ ಆಮ್ಲವೂ ಆಗುವುವು. ಹುಳಿಯನ್ನಳೆಯಲು ಶಾಸ್ತ್ರಜ್ಞರು ಪಿ.ಎಚ್. ಎಂಬ ಮಾನವನ್ನು ಬಳಸುವರು. 7 ಎಂಬುದು ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಸ್ಥಿತಿ. ಒಂದು ಅಂಕವು ಇಳಿದರೆ ಹುಳಿಯು ಹತ್ತುಪಟ್ಟು ಏರುವುದು. ನಿರ್ಮಲವಾದ ಗಾಳಿಯ ಮಳೆಯೂ ಇಂಗಾಲಾಮ್ಲದ ದೆಸೆಯಿಂದ ಸುಮಾರು 5.6 ರಷ್ಟಿರುವುದು. ಅಮೆರಿಕಾದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹಬರ್ಡ್ ಬ್ರೂಕ್ ಎಂಬ ಕಾಡಿನಲ್ಲಿ 1963 ರಿಂದ ಮಳೆಯನ್ನು ಪರೀಕ್ಷಿಸತೊಡಗಿದಾಗ ಅದು 4 ರ ಸಮೀಪದಲ್ಲಿತ್ತು. ಆ ಕಾಡಿನ ಪಕ್ಕದಲ್ಲಿ ದೊಡ್ಡ ಕಾರ್ಖಾನೆಗಳಿರಲಿಲ್ಲ; ದೂರದ ಪ್ರಾಂತಗಳ ಹೊಗೆಯು ಗಾಳಿಯೊಡನೆ ಅಲ್ಲಿಗೆ ಬಂದಿತ್ತು.

ಇಂತಹ ಮಳೆಯು ಎಲೆಗಳನ್ನು ಸುಡುವುದೆಂದು ಭಾವಿಸುವುದು ಸಹಜ. ಆದರೆ ಅತಿ ತೀವ್ರವಾದ ಹುಳಿಯಿಂದ ಮಾತ್ರ ಎಲೆಯ ಮೇಲೆ ಕಲೆಗಳು ಬೀಳುವುವು. ಮುಖ್ಯವಾದ ಹಾನಿಯು ನಡೆಯತಕ್ಕದ್ದು ಕಣ್ಣಿಗೆ ಕಾಣದ ನೆಲದೊಳಗೆ. ಮಣ್ಣಿನ ಕಣಗಳು ಸುಣ್ಣದ ಮೂಲವಸ್ತುವಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಅಂಶಗಳನ್ನು ಹಿಡಿದಿಟ್ಟುಕೊಂಡಿರುವುವು. ಹುಳಿಯು ಅವನ್ನು ಹೊರದೂಡಿ ತಾನೇ ಆ ಸ್ಥಾನದಲ್ಲಿ ನೆಲಸುವುದು. ಹೊರಬಿದ್ದ ಸಾರವು ನೀರಿನೊಡನೆ ಹಳ್ಳವನ್ನು ಸೇರುವುದು. ಅದುವರೆಗೆ ಮಣ್ಣಿನಲ್ಲಿ ಕರಗದೆ ಕುಳಿತಿದ್ದ ಅಲ್ಯೂಮಿನಿಯಂ ಆಮೇಲೆ ಕರಗಿ, ಎಳೆಯ ಬೇರುಗಳಿಗೆ ವಿಷವಾಗಿ, ಉಳಿದ ಸುಣ್ಣದ ಅಂಶವನ್ನೂ ಬೇರು ಹೀರದಂತೆ ತಡೆಯುವುದು. ಅಮೆರಿಕಾದ ಈಶಾನ್ಯ ಬೆಟ್ಟಗಳ ಕೆಂಪು ಸ್ಪ್ರೂಸ್ ಮರಗಳಲ್ಲಿ, ಹುಳಿ ಮಂಜಿನಿಂದ ಎಲೆಯೊಳಗಿನ ಸುಣ್ಣದ ಅಂಶವೂ ತೊಳೆದುಹೋಗಿ, ಚಳಿಯನ್ನು ತಡೆಯುವ ಶಕ್ತಿಯು ಕುಂದಿ, ಎಲೆಗಳು ಕೆಂಪಾಗಿ ಉದುರಿದುವು. ಚಳಿಯೇ ಮರವನ್ನು ಕೊಂದಂತೆ ಕಂಡಿತು. ಚಳಿಗೆ ಬಾಗಿಲು ತೆರೆದದ್ದು ಹುಳಿ.

ಭೂಮಾಲೀಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಅಮೆರಿಕಾ ಸರ್ಕಾರವು 1980 ರಿಂದ ಹತ್ತು ವರ್ಷ ನಡೆಯಿಸಿದ ವಿಚಾರಣೆಯಲ್ಲಿ, ಆ ಕಾಲದ ಹುಳಿ ಮಳೆಯಿಂದ ಹೊಲದ ಪೈರುಗಳಿಗೆ ಗೊತ್ತಾದ ನಷ್ಟವೇನೂ ಕಂಡುಬರಲಿಲ್ಲ. ಹೊಲಗಳಿಗೆ ಒಡೆಯರು ಸುಣ್ಣವನ್ನೂ ಗೊಬ್ಬರವನ್ನೂ ಹಾಕಿ ಮಣ್ಣಿನ ಹುಳಿಯನ್ನು ಸರಿಪಡಿಸಿಕೊಳ್ಳುವರು, ಕಾಡಿಗೆ ಹಾಕುವವರಾರು? 1999 ರಲ್ಲಿ ಹಬರ್ಡ್ ಬ್ರೂಕಿನ ಸುಮಾರು 30 ಎಕರೆ ಕಾಡಿಗೆ, ಹಿಂದಿನ ದಶಕಗಳಲ್ಲಿ ಕಳೆದುಹೋದಷ್ಟು ಕ್ಯಾಲ್ಸಿಯಮ್ಮನ್ನು ಹೆಲಿಕಾಪ್ಟರಿನಿಂದ ಉದುರಿಸಿದರು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಮೇಪಲ್ ಮರಗಳು ಚೇತರಿಸಿಕೊಂಡುವು. ಸ್ಪ್ರೂಸ್ ಮರಗಳಿಗೆ ಚಳಿಯ ಬಾಧೆಯು ಕಡಿಮೆಯಾಯಿತು. ರೋಗವು ಯಾವುದೆಂಬುದನ್ನು ಔಷಧವೇ ಸಾಬೀತುಮಾಡಿತು.

ಸುಣ್ಣದಿಂದ ಗುಣವಾಗುವುದಾದರೆ ಹೊಗೆಯನ್ನು ತಡೆಯುವ ವೆಚ್ಚವೇಕೆಂದು ಕೆಲವರು ಕೇಳಬಹುದು. ಈ ವಾದವು ನಿಲ್ಲತಕ್ಕದ್ದಲ್ಲ. 30 ಎಕರೆಗೆ ಮಾಡಿದ ಉಪಚಾರವನ್ನು ದೇಶದ ಕಾಡುಗಳಿಗೆಲ್ಲ ಮಾಡಲು ಯಾವ ಬೊಕ್ಕಸವೂ ಸಾಲದು. 1990 ರ ಕಾನೂನಿನಿಂದ ಅಮೆರಿಕಾದಲ್ಲಿ ಗಂಧಕದ ಹೊಗೆಯು ಬಹಳವಾಗಿ ತಗ್ಗಿತು; ಆದರೂ ಮಳೆಯು ಸುಧಾರಿಸಿದಷ್ಟು ಬೇಗನೆ ಮಣ್ಣು ಸುಧಾರಿಸಲಿಲ್ಲ. ಗಾಳಿಯನ್ನು ಕಾನೂನಿನಿಂದ ತಿದ್ದಬಹುದು. ಮಣ್ಣಿನಿಂದ ಹೋದ ಸಾರವು ಬಂಡೆಯು ಕರಗಿ ಮತ್ತೆ ಕೂಡಬೇಕಾದರೆ ತಲೆಮಾರುಗಳು ಬೇಕು.

ಕನ್ನಡನಾಡಿನ ರೈತರಿಗೆ ಇದರಿಂದ ಏನು ಪ್ರಯೋಜನ? ಭಾರತದ ಹೆಚ್ಚಿನ ಪ್ರದೇಶಗಳಲ್ಲಿ ಗಾಳಿಯೊಡನೆ ಏಳುವ ಮಣ್ಣಿನ ಧೂಳಿನಲ್ಲಿ ಸುಣ್ಣದ ಅಂಶವಿದ್ದು, ಅದು ಮಳೆಯ ಹುಳಿಯನ್ನು ಬಹುಮಟ್ಟಿಗೆ ಮುರಿಯುವುದು. ಆದರೆ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹೊಗೆಯ ಸಹಾಯವಿಲ್ಲದೆಯೇ ಇಂತಹ ನಷ್ಟವು ನಡೆಯುತ್ತಿರುವುದು. ಅಲ್ಲಿಯ ಭಾರಿ ಮಳೆಯು ಶತಮಾನಗಳಿಂದ ಸುಣ್ಣದ ಅಂಶವನ್ನು ತೊಳೆದು, ಮಣ್ಣನ್ನು ಹುಳಿಯಾಗಿಸಿದೆ. ಯೂರಿಯಾ, ಅಮೋನಿಯಂ ಸಲ್ಫೇಟ್ ಮುಂತಾದ ಗೊಬ್ಬರಗಳನ್ನೇ ವರ್ಷ ವರ್ಷವೂ ಹಾಕುವುದರಿಂದ ಆ ಹುಳಿಯು ಇನ್ನೂ ಹೆಚ್ಚುವುದು. ಇಳುವರಿ ಇಳಿಯಿತೆಂದು ಗೊಬ್ಬರವನ್ನು ಹೆಚ್ಚಿಸುವವರು ಹುಳಿಯನ್ನೂ ಹೆಚ್ಚಿಸಿದಂತಾಗುವುದು.

ಆದುದರಿಂದ ಗೊಬ್ಬರಕ್ಕೆ ಹಣ ತೆಗೆಯುವುದಕ್ಕೆ ಮೊದಲು ಮಣ್ಣನ್ನು ಪರೀಕ್ಷೆಗೆ ಕಳುಹಿಸುವುದು ವಿವೇಕ. ಸುಣ್ಣವನ್ನು ಅಂದಾಜಿನಿಂದ ಹಾಕಬಾರದು. ಅತಿಯಾದರೆ ಸತುವು, ಕಬ್ಬಿಣ ಮುಂತಾದ ಅಂಶಗಳು ಬೆಳೆಗೆ ದೊರೆಯದೆ ಹೋಗುವುವು. ಅಮೋನಿಯಾ ಗೊಬ್ಬರದೊಡನೆ ಅದನ್ನು ಬೆರೆಸಲೂ ಬಾರದು; ಬೆರೆಸಿದರೆ ಗೊಬ್ಬರದ ಸಾರವು ಗಾಳಿಗೆ ಹಾರಿಹೋಗುವುದು. ಪರೀಕ್ಷೆಯು ತಿಳಿಸಿದಷ್ಟನ್ನು ಬಿತ್ತನೆಗೆ ಕೆಲವು ವಾರಗಳ ಮುಂಚೆಯೇ ಮಣ್ಣಿನಲ್ಲಿ ಬೆರೆಸತಕ್ಕದ್ದು.

ತೋಟಕ್ಕೆ ಒಡೆಯನುಂಟು. ಆದರೆ ತೋಟಕ್ಕೆ ಸೊಪ್ಪನ್ನು ಕೊಡುವ ಬೆಟ್ಟದ ಗತಿಯೇನು? ಸೊಪ್ಪಿನ ಬೆಟ್ಟದಿಂದ ಹೊರೆ ಹೊರೆಯಾಗಿ ಇಳಿಯುವ ಸೊಪ್ಪು ದರಗುಗಳೊಡನೆ ಅಲ್ಲಿಯ ಸುಣ್ಣದ ಅಂಶವೂ ಇಳಿಯುವುದು; ಹಿಂದಿರುಗಿ ಹೋಗುವುದೇನೂ ಇಲ್ಲ. ಬೆಟ್ಟದ ಒಂದೊಂದು ಭಾಗಕ್ಕೆ ಸರದಿಯಂತೆ ವಿಶ್ರಾಂತಿ ಕೊಡುವ ಕಟ್ಟುಪಾಡನ್ನು ಗ್ರಾಮದ ಮುಖಂಡರು ಏರ್ಪಡಿಸಿದರೆ, ಬಿದ್ದ ಎಲೆಯು ಅಲ್ಲಿಯೇ ಕೊಳೆತು ಮಣ್ಣಿಗೆ ತನ್ನ ಸಾಲವನ್ನು ತೀರಿಸುವುದು. ಹಬರ್ಡ್ ಬ್ರೂಕಿನ ಕಾಡಿಗೆ ಹೆಲಿಕಾಪ್ಟರಿನಿಂದ ಕೊಡಬೇಕಾಗಿ ಬಂದುದನ್ನು, ಬೆಟ್ಟಕ್ಕೆ ಕೈ ತಡೆದೇ ಉಳಿಸಿಕೊಡಬಹುದು. ಹೊಲವು ಕೆಟ್ಟರೆ ಒಂದೆರಡು ಬೆಳೆಗಳಲ್ಲಿಯೇ ಒಡೆಯನಿಗೆ ತಿಳಿಯುವುದು. ಕಾಡು ಕೆಟ್ಟರೆ ತಿಳಿಯುವುದು ಮೊಮ್ಮಕ್ಕಳಿಗೆ.