ಅಂಕಿಗೆ ಅಂಜುವುದೋ, ಅಂಕಿಯನ್ನು ಅರಿಯುವುದೋ?

ಪಿಡುಗೊಂದು ಊರಿಗೆ ಕಾಲಿಟ್ಟಾಗ ಅದರ ಬೆನ್ನಿಗೆ ಮೂರು ಸಂಗತಿಗಳು ಬರುತ್ತವೆ: ಎಣಿಕೆ, ಕಟ್ಟಳೆ ಮತ್ತು ಮದ್ದು. ಕೋವಿಡ್ ಕಾಲದಲ್ಲಿ ಇವು ದಿನನಿತ್ಯದ ರೋಗಿಗಳ ಸಂಖ್ಯೆಯಾಗಿ, ಮುಖಗವಸಿನ ನಿಯಮವಾಗಿ, ಲಸಿಕೆಯಾಗಿ ನಮ್ಮ ಮನೆಬಾಗಿಲಿಗೆ ಬಂದುವು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವನ್ನು ಜಾಗತಿಕ ಪಿಡುಗೆಂದು ಸಾರಿತು. 2023ರ ಮೇ 5ರಂದು ಅದರ ತುರ್ತು ಪರಿಸ್ಥಿತಿ ಮುಗಿಯಿತೆಂದು ತಿಳಿಸಿತು. ಆ ದಿನಗಳ ಗಾಬರಿ ಈಗ ಇಳಿದಿದೆ. ರೋಗಾಣುವಿನ ನಡೆಯನ್ನು ಕುರಿತು ತಜ್ಞರು ಸಾಕಷ್ಟು ಬರೆದಿದ್ದಾರೆ. ಜನರಾದ ನಮ್ಮ ನಡೆಯನ್ನು ಕುರಿತು ವಿಚಾರ ಮಾಡುವ ಹೊಣೆ ಮಾತ್ರ ನಮ್ಮ ಮೇಲೆಯೇ ಉಳಿದಿದೆ.

ಎಣಿಕೆ ಮತ್ತು ಕಳಂಕ

ಮುಂಬಯಿ ಕನ್ನಡಿಗರು 2020ರ ಮೇ ತಿಂಗಳನ್ನು ಸುಲಭವಾಗಿ ಮರೆಯಲಾರರು. ಹೋಟೆಲುಗಳು ಮುಚ್ಚಿದ್ದುವು; ಲೋಕಲ್ ರೈಲು ನಿಂತಿತ್ತು; ದುಡಿಮೆಯಿಲ್ಲದ ಸಾವಿರಾರು ಮಂದಿ ಹುಟ್ಟಿದೂರಿನ ದಾರಿ ಹಿಡಿದರು. ಕರ್ನಾಟಕದ ಆರೋಗ್ಯ ಇಲಾಖೆಯು ಪ್ರತಿದಿನ ಹೊರಡಿಸುತ್ತಿದ್ದ ಪ್ರಕಟಣೆಯಲ್ಲಿ ಒಬ್ಬೊಬ್ಬ ರೋಗಿಗೂ ಒಂದೊಂದು ಸಂಖ್ಯೆ. ಅದರ ಪಕ್ಕದಲ್ಲಿ ಆತನ ಪ್ರಯಾಣದ ಹಿನ್ನೆಲೆ. ಉಡುಪಿ, ಮಂಡ್ಯ ಜಿಲ್ಲೆಗಳ ಪಟ್ಟಿಯಲ್ಲಿ ಆಗ ಬಹುತೇಕ ಮುಂಬಯಿಯದೇ ಹೆಸರು. ‘ಮುಂಬಯಿ ನಂಟು’ ಎಂಬ ಮಾತು ಬೈಗುಳದಂತೆ ಊರೂರಿಗೆ ಹಬ್ಬಿತು. ಮೇ ತಿಂಗಳ ಮಧ್ಯದಲ್ಲಿ ಮಹಾರಾಷ್ಟ್ರ ಮೊದಲಾದ ರಾಜ್ಯಗಳಿಂದ ಬರುವವರಿಗೆ ಕರ್ನಾಟಕದ ಗಡಿಯನ್ನು ತಿಂಗಳ ಕೊನೆಯವರೆಗೆ ಮುಚ್ಚಲಾಯಿತು. ವರ್ಷಗಳ ಕಾಲ ಊರಿನ ಮನೆಗೆ ಹಣ ಕಳುಹಿಸಿದವನು, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೊಟ್ಟವನು, ಒಂದೇ ವಾರದಲ್ಲಿ ಹೊರಗಿನವನಾದನು.

ಹೊರಗಿನಿಂದ ಬಂದವರನ್ನು ಕೆಲವು ದಿನ ಪ್ರತ್ಯೇಕವಾಗಿ ಇರಿಸಿದ್ದು ತಪ್ಪೆನ್ನಲಾಗದು. ರೋಗವು ಪ್ರಯಾಣಿಕರೊಡನೆ ಸಾಗುತ್ತಿದ್ದುದು ನಿಜ. ಆದರೆ ಪ್ರತ್ಯೇಕಿಸುವುದು ಬೇರೆ, ದೂಷಿಸುವುದು ಬೇರೆ. ದೂಷಣೆಗೆ ಹೆದರಿದವನು ಜ್ವರವನ್ನು ಮುಚ್ಚಿಡುತ್ತಾನೆ, ಬಂದ ದಾರಿಯನ್ನು ಮರೆಮಾಚುತ್ತಾನೆ. ಆಗ ಎಣಿಕೆಯೇ ಸುಳ್ಳಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಮರುವರ್ಷದ ಏಪ್ರಿಲ್ ಕೊನೆಯಲ್ಲಿ ಬೆಂಗಳೂರೊಂದರಲ್ಲಿಯೇ ದಿನಕ್ಕೆ 26 ಸಾವಿರಕ್ಕೂ ಮಿಕ್ಕಿ ಹೊಸ ರೋಗಿಗಳು ದಾಖಲಾದರು; ಆ ಅಲೆಯಲ್ಲಿ ಮುಂಬಯಿಯ ಗರಿಷ್ಠ ಸಂಖ್ಯೆ ಸುಮಾರು 11 ಸಾವಿರ. ರೋಗಿಗಳ ಸಂಖ್ಯೆಯಿಂದ ಒಂದು ಊರಿನ ಯೋಗ್ಯತೆಯನ್ನು ಅಳೆಯಲಾಗದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಂಕಿಯನ್ನು ಓದುವ ಬಗೆ

ರೋಗಿಗಳ ಸಂಖ್ಯೆ ಒಂದನ್ನೇ ನೋಡಿ ಎದೆ ಒಡೆದುಕೊಳ್ಳುವುದೂ ಸಲ್ಲದು, ಉದಾಸೀನರಾಗುವುದೂ ಸಲ್ಲದು. ಎಷ್ಟು ಮಂದಿಯನ್ನು ಪರೀಕ್ಷಿಸಿದಾಗ ಎಷ್ಟು ಮಂದಿಯಲ್ಲಿ ರೋಗ ಕಂಡುಬಂದಿತು, ಅವರಲ್ಲಿ ಆಸ್ಪತ್ರೆ ಸೇರಿದವರೆಷ್ಟು, ಮೃತರಾದವರೆಷ್ಟು ಎಂಬ ಪ್ರಶ್ನೆಗಳನ್ನು ಕೇಳಬೇಕು. 2022ರ ಜನವರಿಯಲ್ಲಿ ಓಮಿಕ್ರಾನ್ ಬಗೆಯ ಸೋಂಕು ಹರಡಿದಾಗ ಮುಂಬಯಿಯ ದಿನದ ಸಂಖ್ಯೆ 20 ಸಾವಿರವನ್ನು ದಾಟಿತು. ಹಿಂದಿನ ವರ್ಷದ ಗರಿಷ್ಠಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಆದರೂ ಸಾವುಗಳು ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆ. ಅಷ್ಟರಲ್ಲಿ ನಗರದ ಬಹುಪಾಲು ವಯಸ್ಕರು ಲಸಿಕೆ ಪಡೆದಿದ್ದುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು.

ಎಣಿಕೆ ಮುಚ್ಚುಮರೆಯಿಲ್ಲದೆ ಇರಬೇಕಾದುದೂ ಅಷ್ಟೇ ಅಗತ್ಯ. 2021ರ ಅಂತ್ಯದವರೆಗೆ ಭಾರತದಲ್ಲಿ ಕೋವಿಡ್ ಸಾವುಗಳ ಅಧಿಕೃತ ಲೆಕ್ಕ ಸುಮಾರು 4.8 ಲಕ್ಷ. ಆ ಎರಡು ವರ್ಷಗಳಲ್ಲಿ ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳು ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಅಂದಾಜು ಮಾಡಿತು. ಭಾರತ ಸರ್ಕಾರವು ಆ ಅಂದಾಜಿನ ವಿಧಾನವನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಸ್ಮಶಾನದಲ್ಲಿ ಸರದಿ ಕಂಡ ಜನ ಪತ್ರಿಕೆಯ ಅಂಕಿಯನ್ನು ನಂಬದಾದಾಗ ಅದೇ ಪತ್ರಿಕೆಯಲ್ಲಿ ಬಂದ ಆರೋಗ್ಯದ ಸಲಹೆಯನ್ನೂ ನಂಬುವುದಿಲ್ಲ. ಅಪನಂಬಿಕೆಯ ಬೆಲೆಯನ್ನು ತೆರುವವರು ಬಡವರು ಮತ್ತು ವೃದ್ಧರು.

ಕಟ್ಟಳೆ ಮತ್ತು ದಂಡ

ಮುಂಬಯಿ ಮಹಾನಗರ ಪಾಲಿಕೆಯು 2020ರ ಏಪ್ರಿಲ್‌ನಲ್ಲಿ ಮುಖಗವಸನ್ನು ಕಡ್ಡಾಯಗೊಳಿಸಿತು. ಮುಂದೆ ಅದನ್ನು ಧರಿಸದವರಿಗೆ 200 ರೂಪಾಯಿ ದಂಡ. ದಂಡಂ ದಶಗುಣಂ ಎಂಬುದನ್ನು ನಂಬಿದ ಆಡಳಿತವು ರಸ್ತೆರಸ್ತೆಗಳಲ್ಲಿ ಮಾರ್ಷಲ್‌ಗಳನ್ನು ನಿಲ್ಲಿಸಿತು. ಫಲಿತಾಂಶವನ್ನು ನಾವೆಲ್ಲ ಕಂಡಿದ್ದೇವೆ: ಮಾರ್ಷಲ್ ಕಂಡಾಗ ಗವಸು ಮೂಗಿಗೆ ಏರಿತು; ಆತ ಮರೆಯಾದೊಡನೆ ಗಲ್ಲಕ್ಕೆ ಇಳಿಯಿತು. 2022ರ ಏಪ್ರಿಲ್‌ನಲ್ಲಿ ನಿಯಮವನ್ನು ಹಿಂತೆಗೆದುಕೊಂಡಾಗ ಗವಸೇ ಕಣ್ಮರೆಯಾಯಿತು. ಇಂದು ಕೆಮ್ಮುತ್ತಿರುವವನೂ ಕಿಕ್ಕಿರಿದ ರೈಲಿನಲ್ಲಿ ಬಾಯಿ ಮುಚ್ಚುವ ಗೋಜಿಗೆ ಹೋಗುವುದಿಲ್ಲ. ಉಸಿರಿನೊಡನೆ ಹೊರಬೀಳುವ ಹನಿಗಳನ್ನು ಗವಸು ತಡೆಯುತ್ತದೆ, ಫ್ಲೂ ಮತ್ತು ಕ್ಷಯದಂತಹ ರೋಗಗಳಲ್ಲಿಯೂ ಅದು ಪಕ್ಕದವನಿಗೆ ರಕ್ಷೆಯಾಗುತ್ತದೆ ಎಂಬ ತಿಳಿವಳಿಕೆ ದಂಡದ ಚೀಟಿಯೊಡನೆ ಬರಲಿಲ್ಲ.

ಬಲವಂತದ ಕಥೆ ಹಳೆಯದು. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗಲೂ ಜನ ನಗರ ಬಿಟ್ಟು ಓಡಿದರು, ರೈಲುಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಆಗ ಹುಟ್ಟಿದ್ದು. 2020ರಲ್ಲಿಯೂ ಸರ್ಕಾರಗಳು ಅದನ್ನೇ ಕೈಗೆತ್ತಿಕೊಂಡವು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದಾಗ ಜನ ರೋಗಿಗಳನ್ನು ಅಡಗಿಸಿಟ್ಟರು. ಆಕ್ರೋಶವು ಅದೇ ವರ್ಷ ಜೂನ್ 22ರಂದು ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲಿನ ಗುಂಡೇಟಿನಲ್ಲಿ ಸ್ಫೋಟಗೊಂಡಿತು. ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಪ್ಲೇಗು ರೋಗಿಗಳ ಸೇವೆ ಮಾಡುತ್ತ ಅದೇ ರೋಗಕ್ಕೆ ಬಲಿಯಾದರು. ರೋಗಿಯ ಬಳಿಗೆ ಹೋಗುವ ದಾರಿ ಯಾವುದೆಂಬುದನ್ನು ಆ ತಾಯಿಯ ಬಾಳು ತೋರಿಸಿಕೊಟ್ಟಿತು.

ಮದ್ದು ಮತ್ತು ಸಂದೇಹ

ಲಸಿಕೆಯನ್ನು ಕುರಿತ ಸಂದೇಹವೂ ಹೊಸತಲ್ಲ. ಹಾಫ್ಕಿನ್ ಅವರು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ಅವರ ಮೇಲೆ ಅಪವಾದ ಬಂದಿತು. ಅದು ನಿವಾರಣೆಯಾದುದು 1907ರಲ್ಲಿ. ಇಂದು ಪರೇಲಿನ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

ನಮ್ಮ ಕಾಲದಲ್ಲಿಯೂ ಹೀಗೆಯೇ ಆಯಿತು. 2021ರ ಜನವರಿ 16ರಂದು ಲಸಿಕೆ ಆರಂಭವಾದಾಗ ಹಿಂಜರಿದವರು ಬಹಳ. ಏಪ್ರಿಲ್‌ನಲ್ಲಿ ಸಾವು ಹತ್ತಿರ ಬಂದಾಗ ಉದ್ದುದ್ದ ಸಾಲುಗಳು. ದಾಸ್ತಾನು ಮುಗಿದು ಮುಂಬಯಿಯ ಕೇಂದ್ರಗಳು ಮೂರು ದಿನ ಬಾಗಿಲು ಹಾಕಿದವು. ಎರಡು ಡೋಸ್ ಪಡೆದು ಎರಡು ವಾರ ಕಳೆದವರಿಗೆ ಮಾತ್ರ ಲೋಕಲ್ ರೈಲು ಎಂದು ಆಗಸ್ಟ್ 15ರಿಂದ ಆದೇಶವಾದಾಗ ಹಿಂಜರಿಕೆ ಇನ್ನಷ್ಟು ಕರಗಿತು. ಆದರೆ ಮೂರನೆಯ ಡೋಸಿಗೆ ರೈಲಿನ ಆಮಿಷವಿರಲಿಲ್ಲ. ಬಹು ಮಂದಿ ಅತ್ತ ಸುಳಿಯಲೇ ಇಲ್ಲ.

2024ರಲ್ಲಿ ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟಬಹುದೆಂಬ ವಾರ್ತೆ ಬಂದಾಗ ಜನ ತಲ್ಲಣಿಸಿದರು. ಆ ಅಪಾಯ ವೈದ್ಯಲೋಕಕ್ಕೆ 2021ರಲ್ಲಿಯೇ ಗೊತ್ತಿತ್ತು. ಅದು ಸಾಮಾನ್ಯವಾಗಿ ಚುಚ್ಚಿದ ಕೆಲವೇ ವಾರಗಳಲ್ಲಿ ಕಾಣುವಂಥದು, ವರ್ಷಗಳ ಅನಂತರ ಬರುವಂಥದಲ್ಲ. ಇದನ್ನು ಮೊದಲೇ ಸರಳವಾಗಿ ಹೇಳಿದ್ದರೆ ತಲ್ಲಣಕ್ಕೆ ಎಡೆಯಿರುತ್ತಿರಲಿಲ್ಲ. 2025ರ ಬೇಸಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ನಮ್ಮ ಮನೆಗಳಿಗೂ ಮುಟ್ಟಿತು. ಎಲ್ಲರ ಬೆರಳೂ ಲಸಿಕೆಯತ್ತ ತಿರುಗಿತು. ಕರ್ನಾಟಕ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ. ಯುವಕರ ಹಠಾತ್ ಸಾವನ್ನು ಕುರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಲಸಿಕೆಯಿಂದ ಅಪಾಯ ಹೆಚ್ಚಲಿಲ್ಲವೆಂದೇ ಹೇಳಿತ್ತು. ಹೃದಯದ ನಿಜವಾದ ಶತ್ರುಗಳಾದ ತಂಬಾಕು, ಮದ್ಯ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಈ ಗದ್ದಲದಲ್ಲಿ ತಪ್ಪಿಸಿಕೊಂಡುವು.

ನಮ್ಮ ಸಂಘಗಳು ಮಾಡಬಹುದಾದುದು

ಹೆದರಿಸಿದರೆ ಜನ ಓಡುತ್ತಾರೆ, ದಂಡಿಸಿದರೆ ಅಡಗುತ್ತಾರೆ. ತಿಳಿಯುವಂತೆ ಹೇಳಿದರೆ ಬಹುಮಟ್ಟಿಗೆ ಕೇಳುತ್ತಾರೆ. ತಿಳಿಯುವಂತೆ ಹೇಳುವುದೆಂದರೆ ನಂಬಿಕೆಯುಳ್ಳವರು ತಾಯ್ನುಡಿಯಲ್ಲಿ ಹೇಳುವುದು. ಪಾಲಿಕೆಯ ಪ್ರಕಟಣೆ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಮಗನ ಮನೆಯಲ್ಲಿ ಉಳಿದಿರುವ ಎಪ್ಪತ್ತರ ಅಜ್ಜಿಗೆ, ಹೋಟೆಲಿನ ಅಟ್ಟದಲ್ಲಿ ಮಲಗುವ ಹುಡುಗನಿಗೆ ಅದು ತಲುಪುವುದಿಲ್ಲ. ಆ ಕೊರತೆಯನ್ನು ತುಂಬುವ ಶಕ್ತಿ ಕನ್ನಡ ಸಂಘಗಳಿಗೆ ಇದೆ. ಸದಸ್ಯರಲ್ಲಿರುವ ವೈದ್ಯರಿಂದ ವರ್ಷಕ್ಕೆ ಎರಡು ಬಾರಿಯಾದರೂ ಕನ್ನಡದಲ್ಲಿ ಆರೋಗ್ಯದ ಮಾತು ಏರ್ಪಡಿಸಬೇಕು. ಸಭಿಕರ ಸಂದೇಹಗಳಿಗೆ ನಗದೆ ಉತ್ತರ ಕೊಡಿಸಬೇಕು. ಒಂಟಿಯಾಗಿರುವ ಹಿರಿಯರ ಪಟ್ಟಿಯೊಂದನ್ನು ಈಗಲೇ ಸಿದ್ಧಪಡಿಸಬೇಕು. ಪಿಡುಗು ಮತ್ತೆ ಬಂದರೆ ಊರಿಗೆ ಹೊರಟವನ ಕೈಯಲ್ಲಿ ಪರೀಕ್ಷೆಯ ಚೀಟಿಯೂ, ಊರಿನ ಹಿರಿಯರಿಗೆ ಸಂಘದ ಒಂದು ಪತ್ರವೂ ಇರಬೇಕು. ಆಗ ಆತನನ್ನು ಸಂಖ್ಯೆಯೆಂದು ಯಾರೂ ಎಣಿಸಲಾರರು.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದಾಗಬಾರದು. ನಾಟಕ, ಯಕ್ಷಗಾನ, ರಾಜ್ಯೋತ್ಸವಗಳಿಗಾಗಿ ನಾವು ಕೂಡುತ್ತೇವೆ. ಕೂಡುವ ಆ ಅಭ್ಯಾಸವೇ ನಮ್ಮ ಬಲ. ಅದರಲ್ಲಿ ಒಂದು ಸಂಜೆಯನ್ನು ಈ ಕೆಲಸಕ್ಕೂ ಮೀಸಲಿಡೋಣ.